ಒಂದು ಯಂತ್ರ, ಇಪ್ಪತ್ತು ಮೇಜು

ಮನೆಯ ರೇಡಿಯೋ ಹಾಡುತ್ತದೆಂದು ನಾವು ಹೇಳುವುದುಂಟು. ಹಾಡುವವರು ಕುಳಿತಿರುವುದು ದೂರದ ನಿಲಯದಲ್ಲಿ. ಆದುದರಿಂದಲೇ ಪೆಟ್ಟಿಗೆ ಹಳೆಯದಾದರೂ ಹೊಸ ಹಾಡು ಕೇಳಿಸುತ್ತದೆ. ಕಚೇರಿಯ ಗಣಕಯಂತ್ರವನ್ನೂ ಹೀಗೆಯೇ ನಡೆಸಲು ಬರುತ್ತದೆ. ಈ ಏರ್ಪಾಡಿಗೆ ವರ್ಚುಯಲ್ ಡೆಸ್ಕ್‌ಟಾಪ್ ಎಂದು ಹೆಸರು. ‘ಮಾಯಾಮೇಜು’ ಎಂದು ಕನ್ನಡಿಸೋಣವೆಂದು ನನ್ನೊಳಗಿನ ಪಂಡಿತನು ಹಟ ಹಿಡಿದನು. ಗುಮಾಸ್ತರ ದುಡಿಮೆಯನ್ನು ಮಾಯೆಯೆನ್ನಲು ಮನಸ್ಸು ಬಾರದೆ ಬಿಟ್ಟೆ.

ಇದರ ಅಗತ್ಯ ಈಗ ಹೆಚ್ಚಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. 2017ಕ್ಕೆ ಹಿಂದಿನ ಬಹುಪಾಲು ಯಂತ್ರಗಳು ವಿಂಡೋಸ್ 11ರ ನಿಯಮಗಳಿಗೆ ಒಗ್ಗುವುದಿಲ್ಲ. ಪತ್ರ ಬರೆಯಲು, ಲೆಕ್ಕ ಕೂಡಿಸಲು ಇಂದಿಗೂ ಸಮರ್ಥವಾದ ಪೆಟ್ಟಿಗೆಗಳು ಹೀಗೆ ಮೂಲೆ ಸೇರಬೇಕಾಗುತ್ತದೆ.

ಹೊಸ ಏರ್ಪಾಡಿನಲ್ಲಿ ಸರ್ವರ್ ಎಂಬ ಬಲವಾದ ಯಂತ್ರವೊಂದಿರುತ್ತದೆ. ಅದರೊಳಗೆ ಇಪ್ಪತ್ತು ಜನರಿಗೆ ಇಪ್ಪತ್ತು ಬೇರೆ ಬೇರೆ ಗಣಕಗಳಿರುವಂತೆ ತಂತ್ರಾಂಶವು ಪಾಲು ಮಾಡಿಕೊಡುತ್ತದೆ. ಮೇಜಿನ ಮೇಲೆ ತೆರೆ, ಕೀಲಿಮಣೆ, ಮೌಸ್ ಮತ್ತು ಥಿನ್ ಕ್ಲಯಂಟ್ ಎಂಬ ಚಿಕ್ಕ ಪೆಟ್ಟಿಗೆ ಇದ್ದರಾಯಿತು. ಹಗುರವಾದ ಲಿನಕ್ಸ್ ಹಾಕಿದರೆ ಹಳೆಯ ಗಣಕವೇ ಆ ಪೆಟ್ಟಿಗೆಯ ಕೆಲಸ ಮಾಡೀತು. ಒತ್ತಿದ ಅಕ್ಷರ ತಂತಿಯ ಮೂಲಕ ಸರ್ವರಿಗೆ ಹೋಗಿ, ಚಿತ್ರವಾಗಿ ತೆರೆಗೆ ಮರಳುತ್ತದೆ. ಇಲ್ಲಿಗೆ ರೇಡಿಯೋದ ಉಪಮೆ ಮುಗಿಯಿತು. ರೇಡಿಯೋ ನಮ್ಮ ಮಾತನ್ನು ಕೇಳುವುದಿಲ್ಲವಷ್ಟೆ! ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವುದನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೋ ಕಾರ್ಬಟೋ ಮತ್ತು ಅವರ ಸಂಗಡಿಗರು 1961ರಲ್ಲೇ ಮಾಡಿ ತೋರಿಸಿದ್ದರು.

ಯಂತ್ರದ ಬೆಲೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದನ್ನು ಹೊಂದಿಸುವ ದುಡಿಮೆ ಬೀಳುವುದಿಲ್ಲ. ಶಾಲೆಯೊಂದರಲ್ಲಿ ಇಪ್ಪತ್ತು ಗಣಕಗಳಿಗೆ ಕನ್ನಡದ ತಂತ್ರಾಂಶ ಹಾಕಲು ನಾವಿಬ್ಬರು ಉಪಾಧ್ಯಾಯರು ಎರಡು ಭಾನುವಾರ ಕುಳಿತೆವು. ಒಂದರಲ್ಲಿ ಕೀಲಿಗಳ ವಿನ್ಯಾಸ ಬೇರೆಯಾಯಿತು, ಮತ್ತೊಂದಕ್ಕೆ ಅಕ್ಷರಶೈಲಿ ಹಾಕುವುದನ್ನೇ ಮರೆತಿದ್ದೆವು. ಇಪ್ಪತ್ತು ಲಿಪಿಕಾರರು ಒಂದು ಕಾವ್ಯವನ್ನು ಪ್ರತಿ ಮಾಡಿದಾಗ ಹುಟ್ಟುವ ಪಾಠಾಂತರಗಳಂತೆ! ಸರ್ವರಿನಲ್ಲಾದರೆ ಮೂಲಪ್ರತಿ ಒಂದೇ. ಅದನ್ನು ತಿದ್ದಿದರೆ ಎಲ್ಲ ಮೇಜುಗಳಿಗೂ ತಿದ್ದಿದ ಪಾಠವೇ ಬರುತ್ತದೆ. ಹೊಸಬರು ಕೆಲಸಕ್ಕೆ ಸೇರಿದರೆ ಒಂದು ಹೆಸರು, ಒಂದು ಗುಪ್ತಪದ ಕೊಟ್ಟರೆ ಸಾಕು. ಪೆಟ್ಟಿಗೆ ಕೆಟ್ಟರೆ ಪಕ್ಕದ ಮೇಜಿನಿಂದ ಅದೇ ಕಡತವನ್ನು ಮುಂದುವರಿಸಬಹುದು.

ಖರ್ಚು ಪೂರ್ಣ ಮಾಯವಾಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸರ್ವರಿಗೆ ಬೆಲೆಯುಂಟು. ಒಳ್ಳೆಯ ಜಾಲ, ವಿದ್ಯುತ್ತು ಹೋದಾಗ ಕಾಯುವ ಬ್ಯಾಟರಿ, ನೋಡಿಕೊಳ್ಳಬಲ್ಲ ತಜ್ಞ, ಇವೂ ಬೇಕು. ವಿಂಡೋಸನ್ನು ಹೀಗೆ ಬಳಸಲು ಪ್ರತ್ಯೇಕ ಪರವಾನಗಿ ಶುಲ್ಕವೂ ಬೀಳುತ್ತದೆ. ಅನೇಕರ ಲೆಕ್ಕ ತಪ್ಪುವುದು ಇಲ್ಲಿಯೇ. ಸರ್ವರನ್ನು ಅಂತರಜಾಲದ ಮೂಲಕ ಬಾಡಿಗೆಗೂ ಪಡೆಯಬಹುದು, ಆಗ ತಿಂಗಳು ತಿಂಗಳೂ ಬಾಡಿಗೆ. ಐದಾರು ಯಂತ್ರಗಳ ಕಚೇರಿಗೆ ಇದು ಗಿಟ್ಟುವುದು ಅಪರೂಪವೆಂದೇ ನನ್ನ ಅಭಿಪ್ರಾಯ. ಇರುವ ಒಂದೇ ಸರ್ವರು ನಿಂತರೆ ಇಪ್ಪತ್ತು ಮಂದಿಯೂ ಕೈಕಟ್ಟಿ ಕೂರಬೇಕೆಂಬುದೂ ನೆನಪಿರಲಿ.

ಟೆಂಡರು ಕರೆಯುವ ಮೊದಲು ಹಳೆಯ ಯಂತ್ರವೊಂದನ್ನು ತಿಂಗಳ ಮಟ್ಟಿಗೆ ಹೀಗೆ ಜೋಡಿಸಿ, ಕಚೇರಿಯ ಅತಿ ವೇಗದ ಬೆರಳಚ್ಚುಗಾರರನ್ನು ಅದರ ಮುಂದೆ ಕೂರಿಸಿ. ಅಕ್ಷರವು ಬೆರಳಿಗಿಂತ ಹಿಂದೆ ಬೀಳುತ್ತಿದೆಯೇ ಎಂಬುದನ್ನು ಅವರೇ ಹೇಳಿಯಾರು.