ಅಂಜುವ ಜೀವ, ಅರಿತ ಕೈ

ಪ್ರಾಣಿಗಳನ್ನು ಸಾಕುವ ನಮ್ಮ ನಗರವಾಸಿಗಳ ಅಭಿರುಚಿಯು ನಾಯಿ ಬೆಕ್ಕುಗಳನ್ನು ದಾಟಿ ಗಿನಿಪಿಗ್ಗಿನವರೆಗೂ ಬಂದಿರುವ ಈ ದಿನಗಳಲ್ಲಿ, ಮಕ್ಕಳ ಹಟಕ್ಕೆ ಮಣಿದು ಅದನ್ನು ಮನೆಗೆ ತಂದ ಗೃಹಸ್ಥರು ಮೊದಲ ವಾರದಲ್ಲಿಯೇ ಹೇಳುವ ದೂರು ಬಹುಮಟ್ಟಿಗೆ ಒಂದೇ: ‘ಇದು ಕೈಗೇ ಸಿಕ್ಕುವುದಿಲ್ಲ, ಹತ್ತಿರ ಹೋದರೆ ಮೂಲೆ ಸೇರುತ್ತದೆ.’ ದೂರು ನಿಜವೇ. ಆದರೆ ಅದರ ಹೊಣೆಯನ್ನು ಪ್ರಾಣಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂಜಿಕೆ ಅದರ ಅವಗುಣವಲ್ಲ, ಕುಲಧರ್ಮ. ತಿದ್ದಿಕೊಳ್ಳಬೇಕಾದುದು ನಮ್ಮ ಕೈ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದ ಜನರು ಸಹಸ್ರಾರು ವರ್ಷಗಳ ಹಿಂದೆಯೇ ಆಹಾರಕ್ಕಾಗಿ ಪಳಗಿಸಿದ, ಇಂದಿಗೂ ಪೆರು ಬೊಲಿವಿಯಾಗಳ ಹಳ್ಳಿಮನೆಗಳಲ್ಲಿ ಅಡುಗೆಮನೆಯ ನೆಲದ ಮೇಲೆಯೇ ಹಿಂಡಾಗಿ ಓಡಾಡಿಕೊಂಡಿರುವ ಈ ಜೀವಿ, ಇಲಿ ಅಳಿಲುಗಳಂತೆ ದಂಶಕವರ್ಗಕ್ಕೆ ಸೇರಿದ್ದು. 16ನೆಯ ಶತಮಾನದಲ್ಲಿ ಹಡಗೇರಿ ಯೂರೋಪನ್ನು ಮುಟ್ಟಿ, ಅಲ್ಲಿಂದ ಲೋಕದ ನಾನಾ ಭಾಗಗಳಿಗೆ ಹರಡಿತು. ಕಚ್ಚಿ ಹೋರಾಡುವ ಸಾಮರ್ಥ್ಯವಾಗಲಿ, ಮರವನ್ನೇರಿ ಪಾರಾಗುವ ಚಾತುರ್ಯವಾಗಲಿ ಇದಕ್ಕಿಲ್ಲ. ತಲೆಯ ಇಕ್ಕೆಲಗಳಲ್ಲಿರುವ ಕಣ್ಣುಗಳಿಂದ ಸುತ್ತಲ ಚಲನೆಯನ್ನೆಲ್ಲ ಗ್ರಹಿಸುವುದು, ಆಪತ್ತು ಕಂಡೊಡನೆ ಬಿಲ ಸೇರುವುದು, ಅದಾಗದಿದ್ದಲ್ಲಿ ಕಲ್ಲಿನಂತೆ ನಿಶ್ಚಲವಾಗುವುದು, ಇಷ್ಟೇ ಅದರ ಆತ್ಮರಕ್ಷಣೆಯ ವಿದ್ಯೆ. ಬೇಟೆಯ ಹಕ್ಕಿ ಮೇಲಿನಿಂದ ಎರಗುತ್ತದೆ. ಗೂಡಿನ ಬಾಗಿಲು ತೆರೆದು ಮೇಲಿನಿಂದ ಇಳಿಯುವ ನಮ್ಮ ಹಸ್ತವೂ, ಅದರಲ್ಲಿ ಎಷ್ಟೇ ವಾತ್ಸಲ್ಯ ತುಂಬಿದ್ದರೂ, ಅದಕ್ಕೆ ಕಾಣುವುದು ಹಾಗೆಯೇ. ಕೈಯಲ್ಲಿ ಅಲುಗದೆ ಕುಳಿತಿರುವುದನ್ನು ಕಂಡು ‘ಎಷ್ಟು ಸಾಧು!’ ಎಂದು ನಾವು ಮೆಚ್ಚುವಾಗ, ಅನೇಕವೇಳೆ ಅದು ಭಯದಿಂದ ಸ್ತಂಭಿತವಾಗಿರುತ್ತದೆ.

ಆದುದರಿಂದ ಹೊಸದಾಗಿ ಬಂದ ಪ್ರಾಣಿಯನ್ನು ಮೊದಲ ಕೆಲವು ದಿನ ಎತ್ತಲು ಹೋಗದಿರುವುದೇ ವಿವೇಕ. ಗೂಡಿನಲ್ಲಿ ಎರಡು ಬಾಗಿಲಿನ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು, ಅಡಗಲು ತಾಣವಿದೆಯೆಂಬ ಧೈರ್ಯವನ್ನು ಅದಕ್ಕೆ ಕೊಡಬೇಕು. ಸಮೀಪದಲ್ಲಿ ನೆಲದ ಮೇಲೆ ಕುಳಿತು, ಮೆಲುದನಿಯಲ್ಲಿ ಮಾತನಾಡುತ್ತ, ನಮ್ಮ ಧ್ವನಿಯೂ ವಾಸನೆಯೂ ಅದಕ್ಕೆ ರೂಢಿಯಾಗಲು ಬಿಡಬೇಕು. ಅನಂತರ ಕೊತ್ತಂಬರಿಯ ಒಂದು ಎಳೆಯ ಕಡ್ಡಿಯನ್ನೋ ದೊಣ್ಣೆಮೆಣಸಿನಕಾಯಿಯ ಒಂದು ಹೋಳನ್ನೋ ಬೆರಳ ತುದಿಯಲ್ಲಿ ಹಿಡಿದು ಅಲುಗದೆ ಕಾದರೆ, ಮೊದಲು ಮೂಗು ಮಿಡುಕಿಸುತ್ತ ಪೆಟ್ಟಿಗೆಯಿಂದ ಅರ್ಧ ಹೊರಬಂದು, ಎಲೆಯನ್ನು ಕಸಿದುಕೊಂಡು ಒಳಗೋಡುವ ಪ್ರಾಣಿ, ದಿನ ಕಳೆದಂತೆ ಅಲ್ಲಿಯೇ ನಿಂತು ಮೆಲ್ಲತೊಡಗುತ್ತದೆ. ಈ ದೊಣ್ಣೆಮೆಣಸು ಬರಿಯ ಆಮಿಷವಲ್ಲ, ಪಥ್ಯವೂ ಹೌದು. ಮನುಷ್ಯನಂತೆಯೇ ಗಿನಿಪಿಗ್ಗಿಗೂ ‘ಸಿ’ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು 1907ರಲ್ಲಿ ಸ್ಕರ್ವಿ ರೋಗದ ಕಾರಣವನ್ನು ಅರಸಿ ಮುನ್ನಡೆದುದು ಈ ಪ್ರಾಣಿಯ ಇದೇ ಕೊರತೆಯ ಸಹಾಯದಿಂದ.

ಇನ್ನು ಎತ್ತುವ ಕ್ರಮ. ಕೈ ತೊಳೆದು, ಸಾಧ್ಯವಾದರೆ ನೆಲದ ಮೇಲೆಯೇ ಕುಳಿತು, ಪ್ರಾಣಿಯ ಕಣ್ಣಿಗೆ ಕಾಣುವಂತೆ ಪಕ್ಕದಿಂದ ಒಂದು ಅಂಗೈಯನ್ನು ಮುಂಗಾಲುಗಳ ಹಿಂದೆ ಎದೆಯ ಅಡಿಗೆ ಸರಿಸಿ, ಅದೇ ಕ್ಷಣದಲ್ಲಿ ಇನ್ನೊಂದು ಅಂಗೈಯನ್ನು ಹಿಂಭಾಗಕ್ಕೆ ಆಸರೆಯಾಗಿ ಕೊಟ್ಟು, ತಡಮಾಡದೆ ನಮ್ಮ ಎದೆಗೆ ಆನಿಸಿಕೊಳ್ಳಬೇಕು. ತುಂಬಿದ ಮೊಸರಿನ ಗಡಿಗೆಯನ್ನೆತ್ತುವಾಗ ಬುಡಕ್ಕೊಂದು ಕೈ ಕೊಡುವ ಎಚ್ಚರವೇ ಇಲ್ಲಿಯೂ ಬೇಕಾದುದು. ಕತ್ತಿನ ಚರ್ಮವನ್ನು ಹಿಡಿದೆತ್ತುವುದು, ಹೊಟ್ಟೆಯನ್ನು ಅದುಮುವುದು, ಒಂದೇ ಕೈಯಲ್ಲಿ ನೇತಾಡಿಸುವುದು ಸರ್ವಥಾ ವರ್ಜ್ಯ. ಬೆಳೆದ ಪ್ರಾಣಿ ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ; ಕಾಲುಗಳಾದರೋ ಗಿಡ್ಡವಾದುವು, ಮೂಳೆಗಳು ಸಣ್ಣವು. ಎತ್ತರದ ಅಂದಾಜು ಅದಕ್ಕೆ ಚೆನ್ನಾಗಿ ತಿಳಿಯದುದರಿಂದ ತೊಡೆಯ ಮೇಲಿನಿಂದ ಹಠಾತ್ತನೆ ನೆಗೆಯಬಲ್ಲುದು. ಆ ಒಂದು ಬೀಳುವಿಕೆಯಿಂದಲೇ ಕಾಲು, ಬೆನ್ನೆಲುಬು ಅಥವಾ ಹಲ್ಲು ಮುರಿಯುವುದುಂಟು. ಕೆಳಗಿಳಿಸುವಾಗ ಅಪಾಯ ಇನ್ನೂ ಹೆಚ್ಚು: ಗೂಡು ಕಣ್ಣಿಗೆ ಬಿದ್ದೊಡನೆ ಅದು ಹಾರಲೆಳಸುತ್ತದೆಯಾದ ಕಾರಣ, ಹಿಂಭಾಗ ಗೂಡಿನತ್ತ ಇರುವಂತೆ ಹಿಡಿದು, ನಾಲ್ಕು ಪಾದಗಳೂ ನೆಲವನ್ನೂರುವವರೆಗೆ ಕೈ ಸಡಿಲಿಸಬಾರದು. ತೀರ ಬೆದರುವ ಪ್ರಾಣಿಯನ್ನು ಅಟ್ಟಾಡಿಸಿ ಹಿಡಿಯುವುದಕ್ಕಿಂತ, ಅದು ತಾನಾಗಿ ಪೆಟ್ಟಿಗೆಯೊಳಕ್ಕೆ ಹೋದಾಗ ಬಾಗಿಲುಗಳಿಗೆ ಕೈ ಅಡ್ಡವಿಟ್ಟು ಪೆಟ್ಟಿಗೆಯನ್ನೇ ಎತ್ತಿಕೊಳ್ಳುವುದು ಮೇಲು. ಬಸುರಿಯನ್ನಂತೂ ಅನಿವಾರ್ಯವಾದ ಹೊರತು ಎತ್ತಲೇಬಾರದು.

ಮಾತು ಬಾರದಿದ್ದರೂ ಅದಕ್ಕೆ ಸಂಜ್ಞೆಗಳಿವೆ. ತರಕಾರಿಯ ಚೀಲ ಸರಪರವೆಂದೊಡನೆ ‘ವೀಕ್ ವೀಕ್’ ಎಂದು ಕೂಗುವುದು ಹಸಿವಿನ, ಆಸೆಯ ಕರೆ. ಇದ್ದಕ್ಕಿದ್ದಂತೆ ನಿಂತಲ್ಲಿಯೇ ಚಿಮ್ಮಿ ಕುಣಿಯುವುದು ಹರ್ಷ. ಹಲ್ಲು ಕಟಕಟಿಸಿದರೆ ‘ದೂರ ಸರಿ’ ಎಂದೇ ಅರ್ಥ. ಸವರುವ ಕೈಯನ್ನು ತಲೆಯಿಂದ ಮೇಲಕ್ಕೆ ಒದರಿದರೆ ‘ಸಾಕು’ ಎಂದು. ತೊಡೆಯ ಮೇಲೆ ಚಡಪಡಿಸಿ ಬಟ್ಟೆಯನ್ನು ಕಚ್ಚತೊಡಗಿದರೆ ಬಹುಶಃ ಮೂತ್ರಕ್ಕೆ ಹೋಗಬೇಕೆಂದು. ಈ ಸೂಚನೆಗಳನ್ನು ಮನ್ನಿಸಿ ಆಗಲೇ ಬಿಟ್ಟುಬಿಡುವ ಯಜಮಾನನನ್ನು ಅದು ಬೇಗ ನಂಬುತ್ತದೆ.

ಒಂಟಿತನವೂ ಅಂಜಿಕೆಯನ್ನು ಬೆಳೆಸುತ್ತದೆ. ಹಿಂಡಿನಲ್ಲಿ ಬಾಳುವ ಪ್ರಾಣಿಗೆ ಸಂಗಾತಿಯಿರಲೇಬೇಕೆಂಬ ನಿಯಮವನ್ನು ಸ್ವಿಟ್ಜರ್ಲೆಂಡು 2008ರಲ್ಲಿ ಶಾಸನಬದ್ಧವಾಗಿಯೇ ವಿಧಿಸಿತು. ನಾವೂ ಎರಡು ಹೆಣ್ಣುಗಳನ್ನು ಜೊತೆಗೆ ಸಾಕಿದರೆ, ಧೈರ್ಯವುಳ್ಳದ್ದು ಕೈಯಿಂದ ತಿನ್ನುವುದನ್ನು ಕಂಡು ಪುಕ್ಕಲಾದುದೂ ಮುಂದೆ ಬರುತ್ತದೆ. ಮಕ್ಕಳು ನೆಲದ ಮೇಲೆ ಕುಳಿತು, ಹಿರಿಯರ ಕಣ್ಣೆದುರಿನಲ್ಲಿಯೇ ಮುಟ್ಟತಕ್ಕದ್ದು. ಮುಟ್ಟಿದ ಮೇಲೆ ಕೈ ತೊಳೆಯತಕ್ಕದ್ದು, ಏಕೆಂದರೆ ಹುಳುಕಡ್ಡಿಯಂಥ ಚರ್ಮರೋಗ ಅದರಿಂದ ನಮಗೆ ಅಂಟಬಹುದು.

ದುರ್ಬಲ ಪ್ರಾಣಿ ತನ್ನ ರೋಗವನ್ನು ಬಚ್ಚಿಡುವುದು ಪ್ರಕೃತಿನಿಯಮವಾದ್ದರಿಂದ, ಸಲುಗೆಯಿಂದ ಕೈಗೆ ಬರುವ ಗಿನಿಪಿಗ್ಗಿಗೆ ಇನ್ನೊಂದು ಲಾಭವುಂಟು: ವಾರಕ್ಕೊಮ್ಮೆ ತಕ್ಕಡಿಯಲ್ಲಿ ಕೂರಿಸಿ ತೂಕ ನೋಡಿದರೆ ಕಾಯಿಲೆಯ ಸುಳಿವು ಮುಂಚಿತವಾಗಿ ಸಿಕ್ಕುತ್ತದೆ. ನಿನ್ನೆ ಓಡಿಬರುತ್ತಿದ್ದುದು ಇಂದು ಮೇವನ್ನೇ ಮುಟ್ಟದಿದ್ದರೆ ಅದನ್ನು ಅಂಜಿಕೆಯೆಂದು ತಳ್ಳಿಹಾಕದೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಐದಾರು ವರ್ಷ, ಕೆಲವೊಮ್ಮೆ ಎಂಟು ವರ್ಷ ಬದುಕುವ ಈ ಜೀವಕ್ಕಾಗಿ ದಿನವೂ ಸ್ವಲ್ಪ ಹೊತ್ತು ನೆಲದ ಮೇಲೆ ಸುಮ್ಮನೆ ಕೂರುವ ವ್ಯವಧಾನ ಉಳ್ಳವರು ಅದನ್ನು ಸಂತೋಷವಾಗಿ ಸಾಕಲಿ. ಅಷ್ಟು ಬಿಡುವಿಲ್ಲದವರು ಅಂಗಡಿಯಿಂದ ಅದನ್ನು ತಾರದಿರುವುದೇ ಲೇಸು.