ಮಡಕೆಯೊಳಗೆ ಯಾರ ಚೀಟಿ ಇದೆ?

ಎಲೆಕ್ಷನ್ ಬಂತು ಅಂದ್ರೆ ಹೊಸದುರ್ಗದ ಮೇಷ್ಟ್ರಿಗೆ ಹಿರಿಯೂರಿನ ಬೂತು ಬೀಳುತ್ತೆ. ಹೊಳಲ್ಕೆರೆಯ ಗುಮಾಸ್ತರು ಚಿತ್ರದುರ್ಗಕ್ಕೆ ಬ್ಯಾಗು ಹಿಡಿದುಕೊಂಡು ಹೊರಡ್ತಾರೆ. 'ನನ್ನನ್ನೇ ಯಾಕೆ ಅಲ್ಲಿಗೆ ಹಾಕಿದ್ರಿ ಸಾರ್?' ಅಂತ ಕೇಳಿದರೆ ತಾಲ್ಲೂಕು ಆಫೀಸಿನಲ್ಲಿ ಒಂದೇ ಉತ್ತರ: 'ನಾವು ಹಾಕಿಲ್ಲ, ಕಂಪ್ಯೂಟರ್ ಹಾಕಿದೆ.' ಇದಕ್ಕೆ ರ‍್ಯಾಂಡಮೈಸೇಷನ್ ಅಂತಾರೆ. ಬೂತಿನಲ್ಲಿ ಕೂರುವವರನ್ನು ಯಾವ ಮನುಷ್ಯನೂ ಆರಿಸಬಾರದು ಅನ್ನೋದೇ ಇದರ ಅರ್ಥ. ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಿದ್ದಾಗ ಚೀಟಿ ಎತ್ತೋದೂ ಇದೇ ತತ್ವದ ಮೇಲೆ.

ಬೂತಿನ ಡ್ಯೂಟಿಗೇ ಇಷ್ಟು ಎಚ್ಚರ. ಹಾಗಾದರೆ ಕೊಲೆ ಕೇಸಿನಲ್ಲಿ 'ಇವನು ತಪ್ಪಿತಸ್ಥ' ಅಂತ ಹೇಳುವ ಜನರನ್ನು ಹೀಗೆ ಚೀಟಿ ಎತ್ತಿ ಆರಿಸಿದ್ರೆ ಹೇಗೆ? ನಗಬೇಡಿ ವೀಕ್ಷಕರೇ. ನಮ್ಮ ದೇಶದಲ್ಲೇ ಅದು ನಡೆದಿತ್ತು.

ಅದರ ಹೆಸರು ಜ್ಯೂರಿ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಪ್ರಕಾರ, ಸರ್ಕಾರ ಯಾವ ಜಿಲ್ಲೆಗೆ ಆದೇಶ ಕೊಡುತ್ತೋ ಆ ಜಿಲ್ಲೆಯ ಸೆಷನ್ಸ್ ಕೋರ್ಟಿನಲ್ಲಿ ಜ್ಯೂರಿ ಕೂರುತ್ತಿತ್ತು. ಸೆಷನ್ಸ್ ಜಡ್ಜು ಮತ್ತು ಕಲೆಕ್ಟರು ಸೇರಿ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿದ್ದವರಿಗೆ ಸಮನ್ಸ್ ಹೋಗಬೇಕು. ಬಂದವರಲ್ಲಿ ಚೀಟಿ ಎತ್ತಿ ಜ್ಯೂರಿಗಳನ್ನು ಆರಿಸಬೇಕು. ಹೆಸರು ಬಂದ ಮೇಲೂ ಆಕ್ಷೇಪಣೆಗೆ ಅವಕಾಶವಿತ್ತು. 'ಇವರು ಪಕ್ಷಪಾತಿ' ಅನ್ನಬಹುದಿತ್ತು. ಸಾಕ್ಷಿ ಹೇಳುವ ಭಾಷೆ ಅರ್ಥವಾಗಲ್ಲ ಅನ್ನೋದೂ ಒಂದು ಕಾರಣವಾಗಿತ್ತು. ಒಳ್ಳೆಯ ಏರ್ಪಾಡೇ, ಅಲ್ವಾ?

ಆದರೆ ಆ ಪಟ್ಟಿಯಲ್ಲಿ ಯಾರಿದ್ದರು? ಮೂಲ ಕಾನೂನು 21ರಿಂದ 60 ವರ್ಷದ ಗಂಡಸರು ಅಂತಲೇ ಹೇಳಿತ್ತು. ಹೆಣ್ಣುಮಕ್ಕಳ ಹೆಸರಿನ ಚೀಟಿಯೇ ಇಲ್ಲ! ತಮಿಳುನಾಡಿನ ಉತ್ತಿರಮೇರೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ, ಚೋಳರ ಪರಾಂತಕನ ಕಾಲದ ಶಾಸನವಿದೆ. ಓಲೆಗರಿಯಲ್ಲಿ ಹೆಸರು ಬರೆದು, ಮಡಕೆಗೆ ಹಾಕಿ, ಚಿಕ್ಕ ಹುಡುಗನ ಕೈಯಲ್ಲಿ ಎತ್ತಿಸಿ ಗ್ರಾಮಸಭೆಯ ಸಮಿತಿಗೆ ಆರಿಸುತ್ತಿದ್ದರಂತೆ. ಲೆಕ್ಕ ಒಪ್ಪಿಸದವರಿಗೆ ಅವಕಾಶವಿಲ್ಲ, ಭಲೇ! ಆದರೆ ಅಲ್ಲೂ ಸ್ವಂತ ಮನೆ, ಜಮೀನು ಇದ್ದವರದ್ದೇ ಓಲೆ. ಹುಡುಗನ ಕೈ ಶುದ್ಧವೇ ಇರಬಹುದು. ಪ್ರಶ್ನೆ ಇರೋದು ಮಡಕೆಯ ಒಳಗೆ.

ಇನ್ನೊಂದು ಲೆಕ್ಕ ನೋಡಿ. ಒಂದು ತಾಲ್ಲೂಕಿನ ಪಟ್ಟಿಯಲ್ಲಿ ನೂರಕ್ಕೆ 80 ಜನ ಒಂದು ಕಡೆಯವರು, 20 ಜನ ಇನ್ನೊಂದು ಕಡೆಯವರು ಅಂದುಕೊಳ್ಳಿ. ಪ್ರಾಮಾಣಿಕವಾಗಿಯೇ 9 ಚೀಟಿ ಎತ್ತಿದರೂ, ಒಂಬತ್ತೂ ಆ 80ರ ಕಡೆಯವರೇ ಆಗುವ ಸಾಧ್ಯತೆ ಸುಮಾರು ನೂರಕ್ಕೆ 13. ಅಂದ್ರೆ ಏಳೆಂಟು ಕೇಸಿಗೆ ಒಂದು ಕೇಸಿನಲ್ಲಿ, ಆ 20ರ ಕಡೆಯ ಆರೋಪಿ ಕಟಕಟೆಯಲ್ಲಿ ನಿಂತು ನೋಡಿದರೆ ತನ್ನವರು ಅಂತ ಒಂದು ಮುಖವೂ ಕಾಣಲ್ಲ. ಇದು ಯಾರ ಮೋಸವೂ ಅಲ್ಲ, ಬರೀ ಅದೃಷ್ಟ. ಚೀಟಿ ಕೊಡೋದು ಒಂದೇ ಗ್ಯಾರಂಟಿ: ಯಾರೂ ಬೇಕಂತ ಆರಿಸಿಲ್ಲ. ಎಲ್ಲರೂ ಇರ್ತಾರೆ ಅನ್ನೋ ಗ್ಯಾರಂಟಿ ಅದು ಕೊಡಲ್ಲ.

ಈಗ ನಾನಾವತಿ ಕೇಸಿಗೆ ಬರೋಣ. 1959ರ ಏಪ್ರಿಲ್ 27, ಬಾಂಬೆ. ನೌಕಾಪಡೆಯ ಕಮಾಂಡರ್ ನಾನಾವತಿ, ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ ಅನ್ನೋ ಆರೋಪ. ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ 'ತಪ್ಪಿತಸ್ಥ ಅಲ್ಲ' ಅಂದ್ರು. ಜಡ್ಜು ಒಪ್ಪಲಿಲ್ಲ, ಹೈಕೋರ್ಟಿಗೆ ಕಳಿಸಿದ್ರು. ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇದೇ ಭಾರತದ ಕೊನೆಯ ಜ್ಯೂರಿ ಕೇಸು ಅಂತ ಹೇಳ್ತಾರೆ, ಅದು ತಪ್ಪು. ಕೆಲವು ಕಡೆ ಜ್ಯೂರಿ ಆಮೇಲೂ ನಡೆಯಿತು. ಕಾನೂನು ಆಯೋಗ ಈ ಪದ್ಧತಿ ಬೇಡ ಅಂತ 1958ರಲ್ಲೇ, ಅಂದರೆ ಈ ಗುಂಡು ಹಾರುವ ಮೊದಲೇ ಹೇಳಿತ್ತು. ಕೊನೆಗೆ 1973ರ ಹೊಸ ಕೋಡಿನಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ.

ನಾನಾವತಿ ಕೇಸಿನಲ್ಲಿ ನನ್ನನ್ನು ಕಾಡೋದು ಬೇರೆ ವಿಷಯ. ಆಗ 'ಬ್ಲಿಟ್ಜ್' ಪತ್ರಿಕೆ ನಾನಾವತಿಯ ಪರವಾಗಿ ದೊಡ್ಡ ಅಭಿಯಾನವನ್ನೇ ನಡೆಸಿತ್ತು. ಹೆಸರು ಯಾರದ್ದೇ ಬರಲಿ, ಊರೆಲ್ಲ ಒಂದೇ ಕಥೆ ಓದಿದ್ದರೆ ಚೀಟಿ ಎತ್ತಿ ಏನು ಉಪಯೋಗ?

ಇವತ್ತು ಆ ಪತ್ರಿಕೆಯ ಜಾಗದಲ್ಲಿ ಇರೋದು ನಾವು, ಟಿವಿಯವರು. ಒಂದು ಅರೆಸ್ಟ್ ಆಗುತ್ತೆ, ಚಾರ್ಜ್‌ಶೀಟ್ ಇನ್ನೂ ಬಂದಿರಲ್ಲ, ನಾವು ರಾತ್ರಿ ಒಂಬತ್ತಕ್ಕೆ ತೀರ್ಪು ಕೊಟ್ಟುಬಿಡ್ತೀವಿ. ಕೆಳಗೆ ಪಟ್ಟಿಯಲ್ಲಿ 'ಕಿರಾತಕ' ಅಂತ ಬರೆದಿರ್ತೀವಿ. ನಾನೂ ಆ ಕುರ್ಚಿಯಲ್ಲಿ ಕೂತವನೇ, ಸುಳ್ಳು ಹೇಳಲ್ಲ. ನಮ್ಮನ್ನು ಯಾರೂ ಚೀಟಿ ಎತ್ತಿ ಆರಿಸಿಲ್ಲ. ನಮ್ಮ ವಿರುದ್ಧ ಆಕ್ಷೇಪಣೆ ಎತ್ತೋಕೆ ಆರೋಪಿಗೆ ಆ ಸ್ಟುಡಿಯೋದಲ್ಲಿ ಅವಕಾಶವೂ ಇಲ್ಲ.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ನಮ್ಮ ಕನ್ನಡದವರಿಗೂ ಜ್ಯೂರಿ ಡ್ಯೂಟಿ ಕಾಗದ ಬರುತ್ತೆ. ಅಲ್ಲಿ ಹೆಸರು ತೆಗೆಯೋದು ಮತದಾರರ ಪಟ್ಟಿಯಂಥ ದೊಡ್ಡ ಪಟ್ಟಿಗಳಿಂದ. ಆಮೇಲೆ ಕೋರ್ಟಿನಲ್ಲಿ ಕೇಳ್ತಾರೆ: ಆರೋಪಿ ಗೊತ್ತಾ? ಈ ಕೇಸಿನ ಬಗ್ಗೆ ಏನಾದರೂ ಓದಿದ್ದೀರಾ, ನೋಡಿದ್ದೀರಾ?

ನಮ್ಮಲ್ಲಿ ಜ್ಯೂರಿ ಮತ್ತೆ ಬರಬೇಕು ಅಂತ ನಾನು ಹೇಳ್ತಿಲ್ಲ. ಪಕ್ಕದ ಮನೆಯ ಜಗಳ, ಜಾತಿ, ಸಾಲ, ಎಲ್ಲಾ ಗೊತ್ತಿರುವ ಸಣ್ಣ ಊರುಗಳಲ್ಲಿ ಅದು ಸುಲಭವೂ ಅಲ್ಲ. ಕಾರಣ ಬರೆದು ತೀರ್ಪು ಕೊಡುವ ಜಡ್ಜು ಇದ್ದಾರೆ. ಆ ಕಾರಣ ತಪ್ಪಿದ್ದರೆ ಮೇಲಿನ ಕೋರ್ಟಿದೆ. ಆದರೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡೀತಾ ಯಾರನ್ನಾದರೂ 'ಇವನೇ ಮಾಡಿರೋದು ಬಿಡಿ' ಅನ್ನೋ ಮುಂಚೆ, ಆ ಪ್ರಶ್ನೆಗಳನ್ನು ನಾವೇ ಒಮ್ಮೆ ಕೇಳಿಕೊಳ್ಳೋಣ. ನನಗೆ ಗೊತ್ತಿರೋದು ಏನು? ಸಾಕ್ಷಿ ಕೇಳಿದ್ದೀನಾ, ಇಲ್ಲಾ ಟಿವಿ ನೋಡಿದ್ದೀನಾ?

ಬರೀ ಟಿವಿ ನೋಡಿದ್ದರೆ, ಆ ಜ್ಯೂರಿಯಿಂದ ನೀವು ಎದ್ದು ಬರಬೇಕು. ನಿಮಗಿಂತ ಮೊದಲು ನಾನು.