ದಾನಿಯ ನಲವತ್ತೆರಡು ದಿನ

ಕಿಡ್ನಿ ಕೊಟ್ಟು ಮನೆಗೆ ಬಂದವರನ್ನು ಹತ್ತಿರದಿಂದ ನೋಡಿದ್ದೀರಾ? ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುತ್ತಾರೆ. ಮಂಚದಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈಯೂರಿ, ಆಮೇಲೆ ಕಾಲು ಕೆಳಗಿಡುತ್ತಾರೆ. ತುಂಬಿದ ಕೊಡ ಎತ್ತುವಂತಿಲ್ಲ, ಮಗುವನ್ನು ಸೊಂಟಕ್ಕೇರಿಸುವಂತಿಲ್ಲ. ಈಗ ಸಣ್ಣ ರಂಧ್ರಗಳ ಮೂಲಕ ನಡೆಯುವ ಶಸ್ತ್ರಚಿಕಿತ್ಸೆಯಾದ್ದರಿಂದ ಕೆಲವೇ ದಿನಗಳಲ್ಲಿ ಆಸ್ಪತ್ರೆಯಿಂದ ಬಿಡುತ್ತಾರೆ, ನಿಜ. ಆದರೆ ಭಾರ ಎತ್ತಬೇಡಿ ಎಂಬ ವೈದ್ಯರ ಮಾತನ್ನು ಸಾಮಾನ್ಯವಾಗಿ ಆರು ವಾರ ಪಾಲಿಸಬೇಕು. ಅಂದರೆ 42 ದಿನ.

ಈ 42 ದಿನಕ್ಕೂ ಲೆಕ್ಕವಿದೆ ಎಂದು ಸರ್ಕಾರಗಳು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. 1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್‌ನಲ್ಲಿ ರೊನಾಲ್ಡ್ ಹೆರಿಕ್ ತನ್ನ ಅವಳಿ ರಿಚರ್ಡ್‌ಗೆ ಕಿಡ್ನಿ ಕೊಟ್ಟ. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಅದು. ಕಸಿ ಮಾಡಿದ ಜೋಸೆಫ್ ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು. ದಾನಿಯ ಸಂಬಳ, ನೌಕರಿ ಏನಾಗಬೇಕು ಎಂಬ ಮಾತು ಆ ದೇಶದ ಸಂಸತ್ತಿನ ಕಾನೂನಿಗೆ ಬಂದದ್ದು 1994ರಲ್ಲಿ. ಅದೂ ಫೆಡರಲ್ ನೌಕರರಿಗಷ್ಟೇ, ಏಳೇ ದಿನದ ರಜೆ! ಹೊಟ್ಟೆಯೊಳಗಿನ ಗಾಯ ಏಳು ದಿನಕ್ಕೆ ಎಲ್ಲಿ ಮಾಯುತ್ತದೆ? 1999ರಲ್ಲಿ ಅಂಗದಾನಕ್ಕೆ 30 ದಿನ ಮಾಡಿದರು, ಅಸ್ಥಿಮಜ್ಜೆಗೆ ಏಳು ದಿನವೇ ಉಳಿಯಿತು.

ಖಾಸಗಿ ನೌಕರರ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು 2011ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನು. ಲ್ಯುಕೇಮಿಯಾದಿಂದ 2009ರಲ್ಲಿ ತೀರಿಕೊಂಡ ಮಿಶೆಲ್ ಮೇಕಿನ್ ಎಂಬ ಯುವತಿಯ ಹೆಸರು ಅದಕ್ಕಿದೆ. ಅಂಗ ಕೊಟ್ಟವರಿಗೆ 30, ಅಸ್ಥಿಮಜ್ಜೆ ಕೊಟ್ಟವರಿಗೆ 5 ದಿನ ಸಂಬಳಸಹಿತ ರಜೆ. ಮರಳಿ ಬಂದಾಗ ಅದೇ ಹುದ್ದೆ ಅಥವಾ ಅದಕ್ಕೆ ಸಮನಾದ ಹುದ್ದೆ ಕೊಡಲೇಬೇಕು. ಆರೋಗ್ಯ ವಿಮೆ ನಡುವೆ ನಿಲ್ಲುವಂತಿಲ್ಲ. ಕೆಲಸ ಹೋದೀತೆಂಬ ಭಯವನ್ನು ದಾನಿಯ ತಲೆಯಿಂದ ಇಳಿಸಿದ ಕಾನೂನು ಇದು.

ನಮ್ಮಲ್ಲಿ ವೆಲ್ಲೂರಿನಲ್ಲಿ 1971ರಲ್ಲೇ ಕಿಡ್ನಿ ಕಸಿ ಯಶಸ್ವಿಯಾಗಿತ್ತು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ದೊಡ್ಡ ಚಿಂತೆ ಕಿಡ್ನಿ ಮಾರಾಟ ತಡೆಯುವುದಾಗಿತ್ತು. ಅದು ಬೇಕೇ ಇತ್ತು. ಕೊಟ್ಟವರ ವಿಶ್ರಾಂತಿಯ ಯೋಚನೆ ಮಾತ್ರ ತಡವಾಯಿತು. 2023ರ ಮಾರ್ಚ್ 26ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅಂಗದಾನದ ಬಗ್ಗೆ ಮಾತಾಡಿದರು. ಏಪ್ರಿಲ್ 25ಕ್ಕೆ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಆದೇಶ ಬಂತು: ಅಂಗದಾನ ಮಾಡುವ ಕೇಂದ್ರ ನೌಕರರಿಗೆ ಗರಿಷ್ಠ 42 ದಿನ ವಿಶೇಷ ಸಾಂದರ್ಭಿಕ ರಜೆ. ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದ ದಿನದಿಂದ ಒಂದೇ ಸಮನೆ ತೆಗೆದುಕೊಳ್ಳಬೇಕು. ವೈದ್ಯರು ಬರೆದುಕೊಟ್ಟರೆ ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲೂ ಶುರುಮಾಡಬಹುದು. ಶಸ್ತ್ರಚಿಕಿತ್ಸೆ ಯಾವ ಬಗೆಯದಾದರೂ ಮಿತಿ ಅದೇ. ‘ನಿಮ್ಮದು ಸಣ್ಣ ಆಪರೇಷನ್ ಅಲ್ಲವೇನ್ರೀ’ ಎಂದು ಕೇಳಲು ಮೇಲಧಿಕಾರಿಗೆ ಜಾಗವಿಲ್ಲ. ಒಳ್ಳೆಯ ಆದೇಶ, ಮನಸಾರೆ ಮೆಚ್ಚುತ್ತೇನೆ.

ಆದರೆ ಆದೇಶ ಮುಟ್ಟುವುದು ಎಷ್ಟು ಮಂದಿಯನ್ನು? ಖಾಸಗಿ ಕಂಪನಿಗಳು ಇಂಥ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಇಲ್ಲ. ಇನ್ನೊಂದು ಸತ್ಯ ಇದಕ್ಕಿಂತ ನೋಯಿಸುತ್ತದೆ. ನಮ್ಮ ದೇಶದಲ್ಲಿ ಜೀವಂತವಾಗಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಮಗನಿಗೆ ಕೊಟ್ಟ ತಾಯಿ, ಗಂಡನಿಗೆ ಕೊಟ್ಟ ಹೆಂಡತಿ. ಅವರಲ್ಲಿ ಎಷ್ಟೋ ಜನರಿಗೆ ರಜೆ ಅರ್ಜಿ ಬರೆಯಲು ಕಚೇರಿಯೇ ಇಲ್ಲ. ಒಲೆ, ನೀರು, ಮುಸುರೆ ಯಾವ ಸುತ್ತೋಲೆಗೂ ಸಿಗುವುದಿಲ್ಲ. ಗಾಯ ಮಾತ್ರ ಎಲ್ಲರಿಗೂ ಒಂದೇ.

ಖಾಸಗಿ ನೌಕರರಿಗೂ ಈ 42 ದಿನ ಹಕ್ಕಾಗಬೇಕು. ಸರ್ಕಾರ ಅದನ್ನು ಮಾಡಲಿ. ನಿಮ್ಮ ಮನೆಯಲ್ಲೇ ದಾನಿ ಇದ್ದರೆ ಕಾನೂನಿಗೆ ಕಾಯಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ನಲವತ್ತೆರಡನೆಯ ದಿನಕ್ಕೊಂದು ಗುರುತು ಹಾಕಿ, ಅಲ್ಲಿಯವರೆಗೆ ಆ ಕೊಡವನ್ನು ನೀವೇ ಎತ್ತಿ.